ಪದ ಬೇಕಾಗಿದೆ: ಗೀಸರ್ ಎನ್ನುವುದೋ, ಬಾಯ್ಲರ್ ಎನ್ನುವುದೋ? (ಶನಿವಾರದೊಳಗೆ)

ಗೆಳೆಯರೇ,

ಶನಿವಾರ ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ಒಂದು ಸೂಚನೆ ಅಂಟಿಸಬೇಕಾಗಿದೆ. ಕಟ್ಟಡ ಹಳೆಯದು, ಒಂದೊಂದೇ ಮನೆಯ ಗೀಸರ್ ಕೈಕೊಡುತ್ತಿದೆ. ಅಂಗಡಿಯವರು ತೋರಿಸಿದ್ದನ್ನು ತಂದವರು ಕೂರಿಸಲಾಗದೆ ಹಿಂದಕ್ಕೆ ಹೊತ್ತುಕೊಂಡು ಹೋಗುತ್ತಿದ್ದಾರೆ. ಎಂಥದ್ದನ್ನು ತರಬೇಕು ಎಂದು ಕಾರ್ಯದರ್ಶಿಗಳು ಇಂಗ್ಲಿಷಿನಲ್ಲಿ ಒಂದು ಹಾಳೆ ಬರೆದಿದ್ದಾರೆ. ಅದನ್ನು ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದನ್ನು ಮನೆಯವರೂ ಓದಬೇಕು, ಪ್ಲಂಬರ್ ಕೂಡ ಓದಬೇಕು.

ಇಕ್ಕಟ್ಟು ಇಷ್ಟು. ಬಚ್ಚಲುಮನೆಯ ಬಾಗಿಲ ಮೇಲೆ ಕಾಂಕ್ರೀಟಿನ ಅಟ್ಟವಿದೆ. ಅಟ್ಟಕ್ಕೂ ಚಾವಣಿಗೂ ನಡುವೆ ಒಂದೂವರೆ ಅಡಿ ಮಾತ್ರ. ನೆಟ್ಟಗೆ ನಿಲ್ಲುವ 25 ಲೀಟರಿನ ಗೀಸರ್ ಅಲ್ಲಿ ಹಿಡಿಯುವುದಿಲ್ಲ. ಉಳಿದ ಗೋಡೆಗಳು ಟೊಳ್ಳು ಇಟ್ಟಿಗೆಯವು. ನೀರು ತುಂಬಿದ ಮೇಲೆ ಮೂವತ್ತು ಕಿಲೋ ದಾಟುವ ಭಾರಕ್ಕೆ ಬೋಲ್ಟು ಕಿತ್ತು ಬರುತ್ತದೆ. ಪ್ಲಗ್ಗಿನ ಪಾಯಿಂಟು 16 ಆಂಪಿಯರಿನದು. ತಕ್ಷಣ ಕಾಯಿಸಿ ಕೊಡುವ ಬಗೆಯಲ್ಲಿ 3 ಕಿಲೋವಾಟಿನದು 13 ಆಂಪಿಯರ್ ಎಳೆಯುತ್ತದೆ, ಆದೀತು. ಆದರೆ ಅದು ಕೊಡುವ ಸಣ್ಣ ಧಾರೆ ನಾಲ್ಕು ಜನರ ಸ್ನಾನಕ್ಕೆ ಸಾಲದು. 4.5 ಕಿಲೋವಾಟಿನದು ಇಪ್ಪತ್ತರ ಹತ್ತಿರ ಎಳೆಯುತ್ತದೆ, ಆಗದು. ಗ್ಯಾಸಿನದಂತೂ ಬೇಡವೇ ಬೇಡ. ನಮ್ಮ ಬಚ್ಚಲ ಕಿಟಕಿ ತೆರೆಯುವುದು ಪೈಪುಗಳ ಇಕ್ಕಟ್ಟು ಸಂದಿಗೆ. ಬಣ್ಣವೂ ವಾಸನೆಯೂ ಇಲ್ಲದ ಕಾರ್ಬನ್ ಮಾನಾಕ್ಸೈಡ್ ಒಳಗೇ ತುಂಬಿಕೊಂಡರೆ ಸ್ನಾನಕ್ಕೆ ಹೋದವರು ಹೊರಗೆ ಬರುವುದಿಲ್ಲ. ಉಳಿಯುವುದು 2 ಕಿಲೋವಾಟಿನ, 25 ಲೀಟರಿನ, ಮಲಗಿಸಿ ಕೂರಿಸುವ ಬಗೆ ಒಂದೇ.

ಈಗ ಪದಗಳು. ಬಹುಕಾಲ ಹೊರದೇಶದಲ್ಲಿದ್ದ ಕಾರ್ಯದರ್ಶಿಗಳು ಹಾಳೆಯುದ್ದಕ್ಕೂ ‘ಬಾಯ್ಲರ್’ ಎಂದೇ ಬರೆದಿದ್ದಾರೆ. ಅದನ್ನೇ ಉಳಿಸಲೇ, ‘ಗೀಸರ್’ ಎನ್ನಲೇ, ‘ಜಲತಾಪಕ’ ಎನ್ನಲೇ? ಮಲಗಿಸುವ ಬಗೆಗೆ ‘ಕ್ಷಿತಿಜೀಯ’ ಎಂದು ಬರೆದು ಹೊಡೆದುಹಾಕಿದ್ದೇನೆ. ತೊಟ್ಟಿಯೊಳಗೆ ಕಟ್ಟಿಕೊಳ್ಳುವ ಬಿಳಿಯ ಪದರಕ್ಕೆ ಏನೆನ್ನುತ್ತೀರಿ? ತೊಟ್ಟಿ ತುಕ್ಕು ಹಿಡಿಯದಂತೆ ಅದರ ಬದಲು ತಾನು ಕರಗಿಹೋಗುವ ಮೆಗ್ನೀಸಿಯಂ ಸರಳಿಗೆ?

— ಬೆಂಗಳೂರಿನಿಂದ

*

ಜಲತಾಪಕ ಬೇಡ. ಜಲ, ತಾಪಕ ಎರಡೂ ಸಂಸ್ಕೃತ, ಎರಡೂ ಬಚ್ಚಲಿಗೆ ಬರುವುದಿಲ್ಲ.

ಕನ್ನಡದಲ್ಲಿ ಉಪಕರಣಕ್ಕೆ ಹೆಸರು ಕಟ್ಟುವ ದಾರಿ ಇದೆ: ಬೀಸು, ಬೀಸಣಿಗೆ, ಬಾಚು, ಬಾಚಣಿಗೆ. ನೀರು ಕಾಸುವುದು ಕಾಸಣಿಗೆ. ಹೊಸದೆಂದು ಹೆದರಬೇಡಿ. ಕಟ್ಟಿದವರು ಬಳಸಿದರೆ ಉಳಿಯುತ್ತದೆ, ಬಳಸಲು ನಾಚಿದರೆ ಸಾಯುತ್ತದೆ. ಸರಳಿಗೆ ‘ಸವೆಸರಳು’ ಎನ್ನಿ.

— ಧಾರವಾಡದಿಂದ

*

ಬಾಯ್ಲರ್ ಎಂಬ ಹೆಸರನ್ನು ಆ ಬಿಳಿ ಡಬ್ಬಿಗೆ ಕೊಡಬೇಡಿ. ಅದಕ್ಕೆ ಯಜಮಾನರಿದ್ದಾರೆ.

ನಮ್ಮ ಮನೆಯ ಬಚ್ಚಲಲ್ಲಿ ಇವತ್ತಿಗೂ ತಾಮ್ರದ ಬಾಯ್ಲರ್ ಇದೆ. ನಡುವೆ ಬೆಂಕಿಯ ಕೊಳವೆ, ಅದರ ಸುತ್ತ ನೀರು, ಕೆಳಗೆ ನಲ್ಲಿ. ಮೇಲಿನ ಬಾಯಿಗೆ ಒಂದು ಕೊಡ ತಣ್ಣೀರು ಹೊಯ್ದರೆ ನಲ್ಲಿಯಲ್ಲಿ ಅಷ್ಟೇ ಬಿಸಿನೀರು ಬರುತ್ತದೆ. ಒಣಗಿದ ಅಡಿಕೆ ಸಿಪ್ಪೆ ಎರಡು ಬುಟ್ಟಿ ಹಾಕಿದರೆ ಮನೆಮಂದಿಗೆಲ್ಲ ಸಾಕು. ಬೆಳಗಿನ ಜಾವ ಅಮ್ಮ ‘ಬಾಯ್ಲರಿಗೆ ಉರಿ ಹಾಕು’ ಎಂದು ಎಬ್ಬಿಸುತ್ತಿದ್ದಳು. ಅದಕ್ಕೂ ಮೊದಲಿದ್ದದ್ದು ಒಲೆಯ ಮೇಲೆ ಗಾರೆ ಹಾಕಿ ಕೂರಿಸಿದ ಹಂಡೆ. ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಸಂಜೆ ಆ ಹಂಡೆಯನ್ನು ಹುಣಿಸೆಹಣ್ಣಿನಲ್ಲಿ ತಿಕ್ಕಿ, ಹಿಂಡಲೆಕಾಯಿ ಬಳ್ಳಿ ಸುತ್ತಿ ಪೂಜೆ ಮಾಡುತ್ತೇವೆ. ಹಂಡೆಯ ಜಾಗಕ್ಕೆ ಬಾಯ್ಲರ್ ಬಂದಾಗ ಬಳ್ಳಿಯೂ ಪೂಜೆಯೂ ಅದಕ್ಕೇ ಸಂದವು. ಹಬ್ಬದೊಳಗೆ ಬಂದ ಮೇಲೆ ಅದು ಕನ್ನಡದ ಪದ. ಉರಿ ಹಾಕುವುದು ಬಾಯ್ಲರಿಗೆ, ಸ್ವಿಚ್ ಹಾಕುವುದು ಗೀಸರಿಗೆ. ಎರಡನ್ನೂ ಒಂದೇ ಮಾಡಿದರೆ ನಮ್ಮ ಕಡೆಯಿಂದ ಬಂದು ನಿಮ್ಮ ಕಟ್ಟಡದಲ್ಲಿ ಬಾಡಿಗೆಗೆ ಇರುವವರು ಎರಡೆರಡು ಸಲ ಓದಬೇಕಾಗುತ್ತದೆ.

— ಶಿರಸಿಯ ಹತ್ತಿರದಿಂದ

*

ಕಾಸಣಿಗೆ ಒಪ್ಪತಕ್ಕದ್ದಲ್ಲ. ಬೀಸಣಿಗೆ, ಬಾಚಣಿಗೆ ಎರಡೂ ಕೈಯಲ್ಲಿ ಹಿಡಿಯುವಂಥವು. ಗೋಡೆಗೆ ನೇತುಹಾಕುವುದಕ್ಕೆ ಆ ಮಾದರಿ ಎಲ್ಲಿದೆ? ಅದೇ ಪ್ರತ್ಯಯ ಬರವಣಿಗೆ, ಮೆರವಣಿಗೆಗಳನ್ನೂ ಕಟ್ಟಿದೆ, ಅವು ಉಪಕರಣಗಳಲ್ಲ. ಮೇಲಾಗಿ ಹಳೆಯ ಮೈಸೂರಿನಲ್ಲಿ ಕಾಸು ಎಂದರೆ ಮೊದಲು ನೆನಪಾಗುವುದು ದುಡ್ಡು.

ಗೀಸರನ್ನು ಇಂಗ್ಲಿಷ್ ಎಂದು ದೂರುವವರು ಇದನ್ನು ಗಮನಿಸಬೇಕು. ಅದು ಐಸ್‌ಲ್ಯಾಂಡಿನ ಹೌಕದಾಲುರ್ ಕಣಿವೆಯ ಒಂದು ಬಿಸಿನೀರ ಬುಗ್ಗೆಯ ಹೆಸರು. ಚಿಮ್ಮು ಎಂಬ ಅರ್ಥದ ಧಾತುವಿನಿಂದ ಬಂದದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನವರು ಬಚ್ಚಲಿನ ಗ್ಯಾಸ್ ಯಂತ್ರಕ್ಕೆ ಆ ಹೆಸರಿಟ್ಟರು. ಈಗ ಅಲ್ಲಿ ಅದು ಹಳತಾಗಿ, ಮನೆಮನೆಯಲ್ಲೂ ಬಾಯ್ಲರ್ ಎನ್ನುತ್ತಾರೆ. ನಿಮ್ಮ ಕಾರ್ಯದರ್ಶಿಗಳ ಬಾಯ್ಲರ್ ಅಲ್ಲಿಂದ ಬಂದಿರಬೇಕು. ಅಲ್ಲಿ ಬಿಟ್ಟ ಪದ ಇಲ್ಲಿ ನಿತ್ಯ ಬಳಕೆಯಲ್ಲಿದೆ. ಬುಗ್ಗೆಯ ಹೆಸರಿನಿಂದ ಬಂದ ಪದವನ್ನು ನಾವು ಇಟ್ಟುಕೊಂಡರೆ ಯಾರಿಗೂ ಸಾಲಗಾರರಾಗುವುದಿಲ್ಲ. ಬರೆಯುವಾಗ ‘ಗೀಸರ್‌ನ’ ಎನ್ನಬೇಡಿ, ‘ಗೀಸರು’, ‘ಗೀಸರಿನ’, ‘ಗೀಸರಿಗೆ’ ಎನ್ನಿ. ಬಕೀಟು, ಬೋಲ್ಟು ಕನ್ನಡವಾದದ್ದು ಆ ಕೊನೆಯ ಉಕಾರದಿಂದ.

ಮಲಗಿಸುವ ಬಗೆಗೆ ‘ಅಡ್ಡ ಗೀಸರು’. ಇದರಲ್ಲಿ ಚರ್ಚೆಗೆ ಏನೂ ಇಲ್ಲ. ಆದರೆ ಅಡ್ಡ ಗೀಸರಿನಲ್ಲಿ ಪೈಪು ಎಡಕ್ಕಿರುವುದು, ಬಲಕ್ಕಿರುವುದು ಎಂದು ಎರಡು ಬಗೆ. ಯಾರ ಎಡ ಎಂದು ಬರೆಯದಿದ್ದರೆ ಮತ್ತೆ ಹಿಂದಕ್ಕೆ ಹೊತ್ತುಕೊಂಡು ಹೋಗಬೇಕಾಗುತ್ತದೆ.

— ಮೈಸೂರಿನಿಂದ

*

ಜನ ಅನ್ನುತ್ತಾರೆ ಎಂಬುದೇ ಪ್ರಮಾಣವಾದರೆ ಇಲ್ಲಿ ಪದ ಕೇಳುವುದೇಕೆ? ಅಂಗಡಿಯವನನ್ನು ಕೇಳಿದರೆ ಸಾಕಲ್ಲ.

ಕೈಯಲ್ಲಿ ಹಿಡಿಯುವಂಥವು ಎಂಬ ವಾದವೂ ನಿಲ್ಲುವುದಿಲ್ಲ. ಹಾಸು ಎಂಬುದರಿಂದ ಕಟ್ಟಿದ ಹಾಸಿಗೆಯನ್ನು ಕೈಯಲ್ಲಿ ಹಿಡಿದು ಮಲಗುತ್ತೇವೆಯೇ? ಪ್ರತ್ಯಯ ಯಾವುದಾದರೂ ಅದಕ್ಕೆ ವಸ್ತುವಿನ ಗಾತ್ರ ಗೊತ್ತಿಲ್ಲ. ಫ್ರಿಜ್ಜಿಗೆ ಕಟ್ಟಲಿಲ್ಲ, ಮಿಕ್ಸಿಗೆ ಕಟ್ಟಲಿಲ್ಲ, ಇದಕ್ಕೂ ಕಟ್ಟುವುದಿಲ್ಲ. ಕೊಂಡು ತಂದ ವಸ್ತುವಿನ ಜೊತೆ ಹೆಸರನ್ನೂ ಕೊಂಡು ತರುವುದು ಅಭ್ಯಾಸವಾಗಿ, ಹೆಸರು ಕಟ್ಟುವ ಕೈಯೇ ಜಡವಾಗಿದೆ. ನನಗೆ ನೋವಿರುವುದು ಒಂದು ಗೀಸರಿಗಾಗಿ ಅಲ್ಲ. ಮತ್ತೆ, ಹಂಡೆಯನ್ನು ಅಪ್ಪಟ ಕನ್ನಡವೆಂದು ಅಪ್ಪಿಕೊಂಡವರು ಮರಾಠಿಯ ‘ಹಂಡಾ’ವನ್ನೂ ನೋಡಲಿ.

— ಧಾರವಾಡದಿಂದ

*

ಹಂಡೆಯನ್ನು ಅಪ್ಪಟ ಎಂದು ನಾನು ಎಲ್ಲೂ ಬರೆದಿಲ್ಲ. ತಿಕ್ಕುತ್ತೇವೆ ಎಂದು ಬರೆದಿದ್ದೇನೆ.

— ಶಿರಸಿಯ ಹತ್ತಿರದಿಂದ

*

ಎಲ್ಲರಿಗೂ ನಮಸ್ಕಾರ. ನಿನ್ನೆ ಸಂಜೆ ನಾಲ್ಕನೆಯ ಮಹಡಿಯ ಮನೆಯೊಂದರ ಹಳೆಯ ಗೀಸರನ್ನು ಪ್ಲಂಬರ್ ಬಿಚ್ಚುವಾಗ ಪಕ್ಕದಲ್ಲೇ ನಿಂತಿದ್ದೆ. ನಮ್ಮಲ್ಲಿ ಬೋರ್‌ವೆಲ್ ನೀರು, ಬೇಳೆ ಬೇಯದ ನೀರು. ತೊಟ್ಟಿಯನ್ನು ಬಗ್ಗಿಸಿದಾಗ ಬಚ್ಚಲ ಕಲ್ಲಿನ ಮೇಲೆ ಎರಡು ಬೊಗಸೆ ಬಿಳಿ ಚೂರು ಬಿದ್ದವು, ಮೊಟ್ಟೆಯ ಸಿಪ್ಪೆ ಒಡೆದು ಹಾಕಿದಂತೆ. ಸರಳು ಇರಬೇಕಾದ ಜಾಗದಲ್ಲಿ ತಂತಿಯಷ್ಟು ಉಳಿದಿತ್ತು. ಆತ ಚೂರನ್ನು ಕಾಲಿನಿಂದ ಸರಿಸಿ, ‘ಸುಣ್ಣ ಕಟ್ಟಿದೆ’ ಎಂದರು. ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು, ಒಲೆಗೆ ಮಸಿ ಎಂದು ಬೇರೆಬೇರೆ ಹೆಸರಿಟ್ಟ ಭಾಷೆಯಲ್ಲಿ ಇದಕ್ಕೂ ಏನಾದರೂ ಇರಲೇಬೇಕು ಎಂದು ಎರಡು ದಿನ ನಿಘಂಟು ತಿರುವಿದ್ದೆ. ಸುಣ್ಣ ಕಟ್ಟುವುದು ಎಂದೇ ಬರೆಯುತ್ತೇನೆ.

ನಿಜವಾದ ತೊಡಕು ಬೇರೆ ಕಡೆ ಇತ್ತು. ಇಂಗ್ಲಿಷ್ ಹಾಳೆಯಲ್ಲಿ ನೀರು ಹೊರಗೆ ಬರುವುದಕ್ಕೆಲ್ಲ ಒಂದೇ ಪದವಿದೆ. ನಮ್ಮಲ್ಲಿ ಸೋರುವುದು ಬೇರೆ, ಒಸರುವುದು ಬೇರೆ, ತೊಟ್ಟಿಕ್ಕುವುದು ಬೇರೆ. ನೀರು ಕಾದು ಹಿಗ್ಗಿದಾಗ ಒತ್ತಡ ಇಳಿಸುವ ವಾಲ್ವಿನಿಂದ ಹನಿ ತೊಟ್ಟಿಕ್ಕಬೇಕು. ಅದನ್ನು ಸೋರುತ್ತಿದೆ ಎಂದು ತಿಳಿದು ಒಂದು ಮನೆಯಲ್ಲಿ ಅದರ ಬಾಯಿಗೆ ಮುಚ್ಚಳ ತಿರುಗಿಸಿದ್ದರು. ಒತ್ತಡ ಹೋಗಲು ದಾರಿಯಿಲ್ಲದೆ ತೊಟ್ಟಿ ಒಡೆದರೆ ಎದುರಿಗೆ ಇರುವುದು ಸ್ನಾನ ಮಾಡುವ ಮನುಷ್ಯ. ಇಲ್ಲಿ ಕ್ರಿಯಾಪದ ತಪ್ಪಬಾರದು.

ಧಾರವಾಡದವರಿಗೆ: ಕಾಸಣಿಗೆ ನನಗೆ ಇಷ್ಟವಾಯಿತು. ಆದರೆ ಅಪಾಯ ಹೇಳುವ ಹಾಳೆಯಲ್ಲಿ ಹೊಸ ಪದವನ್ನು ಪರೀಕ್ಷೆಗೆ ಇಡಲಾರೆ. ಸವೆಸರಳನ್ನು ಮಾತ್ರ ಬಿಡುವುದಿಲ್ಲ. ಪ್ಲಂಬರ್ ಎದುರು ಅಂದು ನೋಡಿದೆ. ಅವರು ಅರ್ಥ ಕೇಳಲಿಲ್ಲ, ಉಳಿದ ತಂತಿಯನ್ನೇ ಎತ್ತಿ ತೋರಿಸಿದರು.

ಅಂಟಿಸುವ ಪಾಠ ಇದು. ತಪ್ಪಿದ್ದರೆ ಇಂದು ರಾತ್ರಿಯೊಳಗೆ ತಿಳಿಸಿ.

‘ಹೊಸ ಗೀಸರು ತರುವವರ ಗಮನಕ್ಕೆ. 25 ಲೀಟರಿನ, 2 ಕಿಲೋವಾಟಿನ ಅಡ್ಡ ಗೀಸರನ್ನೇ ತನ್ನಿ. ನೆಟ್ಟಗೆ ನಿಲ್ಲಿಸುವ ಗೀಸರನ್ನು ಮಲಗಿಸಿ ಕೂರಿಸಬಾರದು. ಗೀಸರಿಗೆ ಎದುರಾಗಿ ನಿಂತಾಗ ನಿಮ್ಮ ಎಡಗೈ ಕಡೆ ಪೈಪು ಇರಬೇಕು. ನೀರಿನ ತೊಟ್ಟಿ ಮಾಳಿಗೆಯ ಮೇಲಿರುವುದರಿಂದ ಕೆಳಗಿನ ಮಹಡಿಗಳಲ್ಲಿ ಒತ್ತಡ ಹೆಚ್ಚು. 8 ಬಾರ್ ಒತ್ತಡ ತಡೆಯುತ್ತದೆ ಎಂದು ಬರೆದಿರುವುದನ್ನೇ ಆರಿಸಿ ಕೊಂಡುಕೊಳ್ಳಿ. ಗ್ಯಾಸ್ ಗೀಸರು ಕೂಡದು. ವರ್ಷಕ್ಕೊಮ್ಮೆ ಬಿಚ್ಚಿಸಿ, ಒಳಗೆ ಕಟ್ಟಿದ ಸುಣ್ಣ ತೆಗೆಸಿ. ಸವೆಸರಳು ಕರಗಿದ್ದರೆ ಬದಲಿಸಿ. ನೀರು ಕಾಯುವಾಗ ಒತ್ತಡ ಇಳಿಸುವ ವಾಲ್ವಿನಿಂದ ಹನಿ ತೊಟ್ಟಿಕ್ಕುವುದು ಸೋರಿಕೆಯಲ್ಲ. ಅದರ ಬಾಯಿ ಮುಚ್ಚಬೇಡಿ.’

— ಬೆಂಗಳೂರಿನಿಂದ