ಪ್ರಶ್ನೋತ್ತರ: ಬತಾನ್‌ನಲ್ಲಿ 41ನೇ ಡಿವಿಷನ್ ಚದುರಿದ್ದು ಯಾಕೆ?

ಪ್ರಶ್ನೆ: ಸರ್, ನಾನು ಎಂ.ಎ. ಇತಿಹಾಸದ ವಿದ್ಯಾರ್ಥಿನಿ. ಫಿಲಿಪೀನ್ಸ್ ಸೇನೆಯ 41ನೇ ಡಿವಿಷನ್ 1942ರ ಏಪ್ರಿಲ್ 3ರಂದು ಬತಾನ್ ಪರ್ಯಾಯ ದ್ವೀಪದಲ್ಲಿ ಜಪಾನೀಯರೆದುರು ನಿಲ್ಲದೆ ಓಡಿತು ಅಂತ ಓದಿದೆ. ಅದೇ ಡಿವಿಷನ್ ಜನವರಿಯಲ್ಲಿ ಗಟ್ಟಿಯಾಗಿ ನಿಂತಿತ್ತು ಅಂತಲೂ ಇದೆ. ಯಾವುದನ್ನ ನಂಬೋದು?

ಉತ್ತರ: ಎರಡನ್ನೂ ನಂಬಿ. ನಡುವೆ ಆ ಸೈನಿಕರ ಹೊಟ್ಟೆಗೆ ಏನಾಯಿತು ಅನ್ನೋದನ್ನೂ ಓದಬೇಕು, ಅಷ್ಟೇ.

ಇವರು ಲುಜಾನ್ ದ್ವೀಪದ ದಕ್ಷಿಣ ಭಾಗದ ಮೀಸಲು ಸೈನಿಕರು. 1941ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಕರೆ ಶುರುವಾಯಿತು, ಡಿಸೆಂಬರ್‌ನಲ್ಲಿ ಯುದ್ಧವೇ ಬಂತು. ಕೈಯಲ್ಲಿ ಮೊದಲ ಮಹಾಯುದ್ಧದ ಕಾಲದ ಎನ್‌ಫೀಲ್ಡ್ ಬಂದೂಕು, ತಲೆಗೆ ತೆಂಗಿನ ನಾರಿನ ಹೆಲ್ಮೆಟ್. ದಂಡನಾಯಕ ವಿಸೆಂತೆ ಲಿಮ್, ಅಮೆರಿಕದ ಸೇನಾ ಅಕಾಡೆಮಿ ವೆಸ್ಟ್ ಪಾಯಿಂಟ್‌ನಲ್ಲಿ ಓದಿ ಹೊರಬಂದ ಮೊದಲ ಫಿಲಿಪಿನೊ (1914). ಜನವರಿಯಲ್ಲಿ ಬತಾನ್‌ನ ಅಬುಕಾಯ್ ರಕ್ಷಣಾ ಸಾಲಿನ ನಡುಭಾಗ ಈ ಡಿವಿಷನ್ನಿನದ್ದು. ಪಕ್ಕದ 51ನೇ ಡಿವಿಷನ್ ಮುರಿದು ಪಾರ್ಶ್ವ ಬಯಲಾದರೂ ಸುಲಭಕ್ಕೆ ಜಾಗ ಬಿಡಲಿಲ್ಲ.

ಆಮೇಲೆ ಶುರುವಾಯಿತು ಹಸಿವು. ಜನವರಿ ಮೊದಲ ವಾರದಲ್ಲೇ ಪಡಿ ಅರ್ಧವಾಗಿತ್ತು, ಮಾರ್ಚ್‌ನಲ್ಲಿ ಇನ್ನೂ ಇಳಿಯಿತು. ಅಶ್ವದಳದ ಕುದುರೆಗಳನ್ನೂ ಕೊಂದು ತಿಂದರು. ಮಲೇರಿಯಾ ಹರಡಿತು, ಕ್ವಿನೈನ್ ಖಾಲಿಯಾಗುತ್ತಾ ಬಂತು. ಏಪ್ರಿಲ್ 3, ಗುಡ್ ಫ್ರೈಡೇ. ಸಮಾತ್ ಬೆಟ್ಟದ ಮುಂದಿದ್ದ ಇವರ ಮೇಲೆ ಜಪಾನಿನ ಫಿರಂಗಿಗಳೂ ವಿಮಾನಗಳೂ ಗಂಟೆಗಟ್ಟಲೆ ಗುಂಡು, ಬಾಂಬು ಸುರಿದವು. ಒಣಗಿದ್ದ ಬಿದಿರಿಗೆ ಬೆಂಕಿ ಹತ್ತಿತು. ಕಂದಕದೊಳಗೇ ಇದ್ದಿದ್ದರೆ ಸುಟ್ಟುಹೋಗುತ್ತಿದ್ದರು. ಇದನ್ನ ಹೇಡಿತನ ಅನ್ನೋದು ನನ್ನ ಪ್ರಕಾರ ಬರಿ ನಕ್ಷೆ ನೋಡಿ ಕೊಡೋ ತೀರ್ಪು. 6 ದಿನಕ್ಕೆ, ಏಪ್ರಿಲ್ 9ರಂದು, ಇಡೀ ಬತಾನ್ ಪಡೆ ಶರಣಾಯಿತು. ಅದು ಒಂದು ಡಿವಿಷನ್ನಿನ ತಪ್ಪಲ್ಲ. ಉಣ್ಣಿಸೋಕೆ ಏನೂ ಉಳಿದಿರಲಿಲ್ಲ.

ಪ್ರಶ್ನೆ: ಬದುಕಿ ಉಳಿದವರ ಗತಿ, ಸರ್? ಲಿಮ್ ಏನಾದರು?

ಉತ್ತರ: ಸೆರೆಸಿಕ್ಕವರನ್ನ ಮರಿವೆಲೆಸ್ ಕಡೆಯಿಂದ ಸಾನ್ ಫೆರ್ನಾಂದೊವರೆಗೆ ಬಿಸಿಲಲ್ಲಿ ನಡೆಸಿದರು. ದಾರಿಯಲ್ಲಿ ಬಿದ್ದವರನ್ನ ಇರಿದು ಕೊಂದದ್ದೂ ಉಂಟು. ಅಲ್ಲಿಂದ ರೈಲಿನ ಡಬ್ಬಿಗಳಲ್ಲಿ ತುಂಬಿ ಕಪಾಸ್‌ಗೆ, ಮತ್ತೆ ನಡೆಸಿ ಓ'ಡಾನೆಲ್ ಶಿಬಿರಕ್ಕೆ. ಲಿಮ್ ಸೆರೆಯಿಂದ ಹೊರಬಂದ ಮೇಲೆ ಗುಟ್ಟಾಗಿ ಪ್ರತಿರೋಧಕ್ಕೆ ಕೈಜೋಡಿಸಿದರು. 1944ರಲ್ಲಿ ಮತ್ತೆ ಸಿಕ್ಕಿಬಿದ್ದರು, ಜಪಾನೀಯರು ಕೊಂದರು. ಫಿಲಿಪೀನ್ಸ್‌ನ 1000 ಪೆಸೊ ನೋಟಿನ ಮೇಲೆ ಅವರ ಮುಖ ಬಂತು.

ಸೈನಿಕರ ಪಾಲಿಗೆ ಬಂದದ್ದು ಬೇರೆ. ಫಿಲಿಪೀನ್ಸ್ ಆಗ ಅಮೆರಿಕದ ಅಧೀನದಲ್ಲಿತ್ತು; ಅಮೆರಿಕದ ಆಜ್ಞೆಯಡಿ ಹೋರಾಡಿದವರಿಗೆ ಸಿಗಬೇಕಿದ್ದ ಸವಲತ್ತುಗಳಲ್ಲಿ ಬಹುಪಾಲನ್ನ ಅಮೆರಿಕದ ಕಾಂಗ್ರೆಸ್ 1946ರಲ್ಲಿ ಕಾನೂನು ಮಾಡಿ ಕಿತ್ತುಕೊಂಡಿತು. 2009ರಲ್ಲಿ ಒಂದು ಸಲದ ಮೊತ್ತ ಕೊಟ್ಟರು: ಅಮೆರಿಕದ ಪೌರರಿಗೆ 15,000 ಡಾಲರ್, ಉಳಿದವರಿಗೆ 9,000. ಅಷ್ಟರಲ್ಲಿ ಹೆಚ್ಚಿನವರು ತೀರಿಹೋಗಿದ್ದರು.