ಪದಚರ್ಚೆ: ಜಾವಾದ ‘ಎನಮ್’ಗೆ ಕನ್ನಡದಲ್ಲಿ ಏನನ್ನೋಣ? (ಗುರುವಾರದೊಳಗೆ ಬೇಕು)

> ಪುಣೆಯಲ್ಲಿ ನಮ್ಮ ಕನ್ನಡ ಮಕ್ಕಳಿಗೆ ಭಾನುವಾರ ಜಾವಾ ಪ್ರೋಗ್ರಾಮಿಂಗ್ ಹೇಳಿಕೊಡುತ್ತಿದ್ದೇವೆ. ಪಾಠದ ಹಾಳೆ ಗುರುವಾರ ಸಂಜೆ ಅಚ್ಚಿಗೆ ಹೋಗುತ್ತದೆ. ಕ್ಲಾಸ್‌ಗೆ ‘ವರ್ಗ’, ಆಬ್ಜೆಕ್ಟ್‌ಗೆ ‘ವಸ್ತು’, ಟೈಪ್‌ಗೆ ‘ಬಗೆ’ ಎಂದು ಹಾಕಿದ್ದೇವೆ. ಎನಮ್‌ಗೆ ಪದ ಸಿಕ್ಕಿಲ್ಲ: ವಾರದ ಏಳು ಹೆಸರುಗಳ ಹಾಗೆ, ಇಷ್ಟೇ ಎಂದು ಮೊದಲೇ ಹೆಸರಿಟ್ಟು ಮುಗಿಸಿದ ಬಗೆ ಅದು. ಒಂದು ಕೊಡಿ.

>> ಎಣಿಕೆಬಗೆ. ಇದರಲ್ಲಿ ಚರ್ಚೆಗೆ ಏನಿದೆ?

>> ‘ಪರಿಗಣಿತ ಪ್ರಕಾರ’ ಎಂದು ಹಾಕಿ. ‘ಎಣಿಕೆಪ್ರಕಾರ’ ಮಾತ್ರ ಬೇಡ, ಅರಿಸಮಾಸ (ಕನ್ನಡ-ಸಂಸ್ಕೃತದ ಬೆರಕೆ).

ಎರಡೂ ಬೇಡ.

‘ಪರಿಗಣಿತ’ವನ್ನು ಮೊದಲು ಮುಗಿಸುತ್ತೇನೆ. ಪರಿಗಣಿಸು ಎಂದರೆ ಕನ್ನಡದಲ್ಲಿ ಗಮನಕ್ಕೆ ತಗೊಳ್ಳುವುದು. ‘ನನ್ನ ಅರ್ಜಿ ಪರಿಗಣಿಸಿ’ ಅಂತೀವಿ, ಅಲ್ವಾ? ಹತ್ತನೇ ತರಗತಿಯ ಮಗುವಿಗೆ ಅದರಿಂದ ಏನೂ ತಿಳಿಯುವುದಿಲ್ಲ.

‘ಎಣಿಕೆ’ಯ ಜತೆ ನನ್ನ ಜಗಳ ದೊಡ್ಡದು. ಪದ ಚೆಲುವಾಗಿದೆ, ಒಪ್ಪುತ್ತೇನೆ. ಎಣ್ ಎಂಬ ಬೇರು ತಮಿಳಿನಲ್ಲೂ ಇದೆ, ಅಲ್ಲಿ ಎಣ್ ಎಂದರೆ ಸಂಖ್ಯೆ, ಎಣ್ಣಂ ಎಂದರೆ ವಿಚಾರ. ನಮ್ಮ ಕರಾವಳಿಯಲ್ಲಿ ‘ನಾನು ಹಾಗೆ ಎಣಿಸಿರಲಿಲ್ಲ’ ಎಂದರೆ ಅಂದುಕೊಂಡಿರಲಿಲ್ಲ ಎಂದೇ ಅರ್ಥ. ಆದರೆ ಇಂಗ್ಲಿಷ್ ಪದ ಲ್ಯಾಟಿನ್ನಿನ ‘ಸಂಖ್ಯೆ’ಯಿಂದ ಹುಟ್ಟಿತು ಅನ್ನುವ ಒಂದೇ ಕಾರಣಕ್ಕೆ ನಾವೂ ಎಣಿಸಬೇಕಾ? ವಸ್ತು ಏನು ಮಾಡುತ್ತದೆ ಎಂದು ನೋಡಿ ಹೆಸರಿಡಬೇಕು, ಇಂಗ್ಲಿಷಿನ ಬೇರು ನೋಡಿ ಅಲ್ಲ.

ಸಿ ಭಾಷೆಯಲ್ಲಾದರೆ ಎಣಿಕೆ ಸರಿಯಿತ್ತು. ಅಲ್ಲಿ ಎನಮ್‌ನ ಒಳಗೆ ಇರುವುದು ಬರೀ ಪೂರ್ಣಾಂಕ. ಜಾವಾಕ್ಕೆ ಎನಮ್ ಬಂದದ್ದು 2004ರಲ್ಲಿ, ಐದನೇ ಆವೃತ್ತಿಯಲ್ಲಿ. ಅದಕ್ಕೂ ಮೊದಲು ಸೋಮವಾರಕ್ಕೆ 0, ಮಂಗಳವಾರಕ್ಕೆ 1 ಎಂದು ಅಂಕಿಗಳನ್ನೇ ಬರೆದಿಡುತ್ತಿದ್ದೆವು. ವಾರ ಕೇಳುವ ಕಡೆ ಯಾರಾದರೂ 42 ಕೊಟ್ಟರೂ ಕಂಪೈಲರ್ (ನಾವು ಬರೆದ ಕೋಡನ್ನು ಯಂತ್ರಕ್ಕೆ ತರ್ಜುಮೆ ಮಾಡುವ ತಂತ್ರಾಂಶ) ಸುಮ್ನೆ ಇರುತ್ತಿತ್ತು. ಆ ಕಾಟ ತಪ್ಪಿಸುವುದಕ್ಕೇ ಎನಮ್ ಬಂತು. ಜಾವಾದಲ್ಲಿ ಅದು ಒಂದು ವರ್ಗ. ಒಳಗಿನ ಒಂದೊಂದು ಹೆಸರಿಗೂ ಒಂದೊಂದೇ ವಸ್ತು. ಹೊರಗಿನಿಂದ ಯಾರೂ ಹೊಸದನ್ನು ಹುಟ್ಟಿಸುವಂತಿಲ್ಲ. ಅಂದರೆ ಅಂಕಿಯಿಂದ ಬಿಡಿಸಿಕೊಳ್ಳಲು ಮಾಡಿದ್ದಕ್ಕೆ ನೀವು ಮತ್ತೆ ಅಂಕಿಯ ಹೆಸರನ್ನೇ ಕಟ್ಟುತ್ತಿದ್ದೀರಿ!

ಉದಾಹರಣೆಗೆ ವಿಭಕ್ತಿಗಳನ್ನೇ ತಗೊಳ್ಳಿ. ಕೇಶಿರಾಜ ಹೇಳಿದ ಏಳು. ಮಕ್ಕಳ ಹಾಳೆಗೂ ಇದನ್ನೇ ಹಾಕಿ ಎಂದು ಕೇಳಿಕೊಳ್ಳುತ್ತೇನೆ, ವಾರದ ಹೆಸರುಗಳು ಎಲ್ಲ ಪುಸ್ತಕದಲ್ಲೂ ಇವೆ. ಜಾವಾದಲ್ಲಿ ಹೆಸರುಗಳನ್ನು ಕನ್ನಡ ಅಕ್ಷರದಲ್ಲೇ ಬರೆಯಬಹುದು, ಪ್ರಥಮಾ, ದ್ವಿತೀಯಾ ಎಂದು ಹಾಗೇ ಬರೆಸಿ. ಪ್ರತಿಯೊಂದಕ್ಕೂ ಅದರ ಪ್ರತ್ಯಯವನ್ನು ಜತೆಗೆ ಕೊಡಬಹುದು: ಉ, ಅನ್ನು, ಇಂದ. ಎನಮ್‌ಗೆ ಕನ್‌ಸ್ಟ್ರಕ್ಟರ್ (ವಸ್ತು ಹುಟ್ಟುವಾಗ ಓಡುವ ಭಾಗ) ಇರುತ್ತದೆ ಎಂಬ ಪಾಠವೂ ಅಲ್ಲೇ ಆಗಿಹೋಗುತ್ತದೆ.

ಈಗ ‘ಆರ್ಡಿನಲ್’, ಅಂದರೆ ಸಾಲಿನಲ್ಲಿ ಹೆಸರು ಎಲ್ಲಿದೆ ಎಂದು ಸೊನ್ನೆಯಿಂದ ಎಣಿಸಿದ ಅಂಕಿ, ಕೇಳಿ ನೋಡಿ. ಪ್ರಥಮಾಕ್ಕೆ ಜಾವಾ 0 ಎನ್ನುತ್ತದೆ. ಹೆಸರು ‘ಮೊದಲನೆಯದು’, ಎಣಿಕೆ ಸೊನ್ನೆ. ಕನ್ನಡಕ್ಕೆ ಪಂಚಮಿ ಬೇರೆಯಾಗಿ ಇಲ್ಲ, ಅದು ತೃತೀಯೆಯೇ ಎಂದು ವಾದಿಸುವವರು ಈ ಬಳಗದಲ್ಲೂ ಇದ್ದಾರೆ. ಅವರ ಮಾತು ಕೇಳಿ ಪಂಚಮಿಯನ್ನು ತೆಗೆಯಿರಿ. ಷಷ್ಠಿ 5ರಿಂದ 4ಕ್ಕೆ ಇಳಿಯುತ್ತದೆ, ಸಪ್ತಮಿ 6ರಿಂದ 5ಕ್ಕೆ. ಷಷ್ಠಿ ಮಾತ್ರ ಷಷ್ಠಿಯಾಗಿಯೇ ಇರುತ್ತದೆ. ಗಟ್ಟಿಯಾಗಿರುವುದು ಹೆಸರು, ಎಣಿಕೆ ಅಲ್ಲ.

ನಾನು ಇದನ್ನು ಕಷ್ಟಪಟ್ಟು ಕಲಿತವನು. ಇಲ್ಲೇ ಪುಣೆಯಲ್ಲಿ ಹಿಂದೆ ಕೆಲಸಕ್ಕಿದ್ದ ಕಡೆ, ಆರ್ಡರ್ ಯಾವ ಹಂತದಲ್ಲಿದೆ ಎಂಬುದನ್ನು ಡೇಟಾಬೇಸಿನಲ್ಲಿ ಆರ್ಡಿನಲ್ ಅಂಕಿಯಾಗಿ ಇಟ್ಟಿದ್ದರು. ಯಾರೋ ಹೊಸ ಹಂತವೊಂದನ್ನು ನಡುವೆ ಸೇರಿಸಿದರು. ಮರುದಿನ, ರವಾನೆಯಾದ ಸರಕೆಲ್ಲ ‘ರದ್ದು’ ಎಂದು ಕಾಣಿಸಿತು. ಎರಡು ರಾತ್ರಿ ಕೂತು ಸರಿಮಾಡಿದೆವು. ‘ಎಣಿಕೆಬಗೆ’ ಎಂದು ಕಲಿತ ಮಗು ನಾಳೆ ಇದೇ ತಪ್ಪನ್ನು ಮಾಡುತ್ತದೆ ಎಂಬುದು ನನ್ನ ನಿಜವಾದ ಆತಂಕ.

ಹಾಗಾದರೆ ಯಾವ ಪದ? ಇದು ಹೆಸರುಗಳ ಮುಗಿದ ಪಟ್ಟಿ. ‘ಪಟ್ಟಿಬಗೆ’ ಎಂದು ಬರೆಯಲು ಹೊರಟು ನಿಲ್ಲಿಸಿದೆ. ಪುಣೆಯ ಶಾಲೆಯಲ್ಲಿ ಓದುವ ಮಗುವಿಗೆ ಪಟ್ಟಿ ಎಂದರೆ ಗೆರೆ ಎಳೆಯುವ ಸ್ಕೇಲು. ಮನೆಯಲ್ಲಿ ಕೇಳಿದರೆ ಘರಪಟ್ಟಿ, ಪಾಣಿಪಟ್ಟಿ, ಅಂದರೆ ತೆರಿಗೆ. ಲಿಸ್ಟ್‌ಗೆ ಮರಾಠಿಯಲ್ಲಿ ‘ಯಾದಿ’. ಅದೇ ಯಾದಿ ನಮ್ಮ ಧಾರವಾಡದ ಕಡೆ ಕನ್ನಡವೂ ಹೌದು. ನಮ್ಮವ್ವ ಕಿರಾಣಿ ಅಂಗಡಿಗೆ ಕಳಿಸುವಾಗ ‘ಯಾದಿ ತಗೊಂಡಿ ಇಲ್ಲೋ?’ ಎಂದೇ ಕೇಳುತ್ತಿದ್ದಳು. ಆದ್ದರಿಂದ ಯಾದಿಬಗೆ.

‘ಅದು ಮರಾಠಿ, ಕನ್ನಡದ ಹಾಳೆಗೆ ಬೇಡ’ ಎಂದು ಯಾರಾದರೂ ಬರೆಯುವ ಮೊದಲೇ ಹೇಳಿಬಿಡುತ್ತೇನೆ. ಮರಾಠಿಗೂ ಅದು ಪಾರಸಿಯಿಂದ ಬಂದದ್ದು, ಯಾದ್ ಎಂದರೆ ನೆನಪು. ಜಮೀನು, ರಸೀದಿ, ಖರ್ಚು, ತಾರೀಖು ಬಂದ ದಾರಿಯೂ ಅದೇ ಕಡೆಯದು. ಅವನ್ನೆಲ್ಲ ಇಟ್ಟುಕೊಂಡು ಯಾದಿಯನ್ನು ಮಾತ್ರ ಬಾಗಿಲಲ್ಲಿ ತಡೆಯುವುದು ನ್ಯಾಯವಲ್ಲ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ 1956ರ ತನಕ ಮುಂಬೈ ರಾಜ್ಯದಲ್ಲಿದ್ದವು. ಅಲ್ಲಿನ ಕಚೇರಿ, ಶಾಲೆ, ಸಂತೆಗಳಲ್ಲಿ ಇಂಥ ಪದಗಳು ಕನ್ನಡವಾಗಿಯೇ ಬಾಳಿವೆ. ಬೆಂಗಳೂರಿನಲ್ಲಿ ಕೇಳಿಸುವುದಿಲ್ಲ ಅಂದ ಮಾತ್ರಕ್ಕೆ ಅವು ಹೊರಗಿನವು ಆಗುವುದಿಲ್ಲ. ‘ಪರಿಗಣಿತ’ವನ್ನು ಸಂಸ್ಕೃತದಿಂದ ತಂದರೆ ಯಾರೂ ಕೇಳುವುದಿಲ್ಲ, ನಮ್ಮವ್ವನ ಬಾಯಲ್ಲಿದ್ದ ಪದಕ್ಕೆ ಪರವಾನಗಿ ಕೇಳುತ್ತಾರೆ. ಇದು ನನಗೆ ನೋವಾಗುವ ವಿಷಯ.

ಅರಿಸಮಾಸದ ಮಾತೂ ಇಲ್ಲಿ ಬರುವುದಿಲ್ಲ. ಯಾದಿ ಸಂಸ್ಕೃತವಲ್ಲ.

ಕೇಳಿದವರಿಗೆ: ಹಾಳೆಯಲ್ಲಿ ಹೀಗೆ ಹಾಕಿ. ‘ಯಾದಿಬಗೆ: ಬೆಲೆಗಳನ್ನೆಲ್ಲ ಮೊದಲೇ ಹೆಸರಿಟ್ಟು ಮುಗಿಸಿದ ಬಗೆ. ಜಾವಾದಲ್ಲಿ ಎನಮ್.’ ಒಳಗಿನ ಒಂದೊಂದಕ್ಕೆ ‘ಯಾದಿಹೆಸರು’. ಆರ್ಡಿನಲ್‌ಗೆ ‘ಸಾಲಿನ ಅಂಕಿ’, ಪಕ್ಕದಲ್ಲೇ ‘ಇದನ್ನು ಉಳಿಸಿಡಬೇಡಿ’ ಎಂದು ದಪ್ಪಕ್ಷರದಲ್ಲಿ. ಯಾವ ಯಾದಿಹೆಸರು ಬಂತೆಂದು ನೋಡಿ ದಾರಿ ಆರಿಸುವ ‘ಸ್ವಿಚ್’ ಅನ್ನು ಸ್ವಿಚ್ ಅಂತಲೇ ಬಿಡಿ. ಅಚ್ಚಿಗೆ ಹೋಗುವ ಮೊದಲು ಹಾಳೆ ಕಳಿಸಿದರೆ ಬುಧವಾರ ರಾತ್ರಿ ನೋಡಿಕೊಡುತ್ತೇನೆ, ಕೋಥರೂಡಿನಲ್ಲೇ ಇದ್ದೇನೆ.