ಮೈನರ್ ಲೀಗ್ ಬೇಸ್‌ಬಾಲ್ ಮೈದಾನದಲ್ಲಿ ಬೇಸಿಗೆ ಕೆಲಸ: ಯಾವ ವಿಭಾಗಕ್ಕೆ ಸೇರಿದರೆ ಒಳ್ಳೆಯದು?

ಹೊಂಗೆನೆರಳು ಕೇಳಿದ್ದು:

ಮಗನಿಗೆ 17 ವರ್ಷ, ಅಮೆರಿಕದ ಪ್ರಜೆ. ಇಲ್ಲಿನ ಹೈ-ಎ (ಮೇಜರ್ ಲೀಗ್‌ಗಿಂತ ಕೆಳಗಿನ ಮೈನರ್ ಲೀಗ್ ಬೇಸ್‌ಬಾಲ್‌ನ ಒಂದು ಹಂತ) ತಂಡದವರು ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಪಂದ್ಯದ ದಿನದ ಕೆಲಸಕ್ಕೆ ಹುಡುಗರನ್ನು ತೆಗೆದುಕೊಳ್ಳುತ್ತಿದ್ದಾರೆ. ಅರ್ಜಿಯಲ್ಲಿ ನಾಲ್ಕು ಆಯ್ಕೆ ಕೊಟ್ಟಿದ್ದಾರೆ: ಗ್ರೌಂಡ್ಸ್ ಕ್ರೂ (ಮೈದಾನ ನೋಡಿಕೊಳ್ಳುವವರು), ಕ್ಲಬ್‌ಹೌಸ್ (ಆಟಗಾರರ ಕೋಣೆ, ಬಟ್ಟೆಯ ಕೆಲಸ), ಪ್ರೊಮೋಷನ್ಸ್ (ಪಂದ್ಯದ ನಡುವೆ ಪ್ರೇಕ್ಷಕರಿಗೆ ಮನರಂಜನೆ), ತಿಂಡಿ ಸ್ಟಾಲ್. ಅವನಿಗೆ ಆಟವೂ ಇಷ್ಟ, ಮಣ್ಣು-ಗಿಡದ ಕೆಲಸವೂ ಇಷ್ಟ. ದಿನಕ್ಕೆ ನಿಜವಾಗಿ ಎಷ್ಟು ಗಂಟೆ ಹೋಗುತ್ತದೆ? ಹೊಸಬರು ಎಲ್ಲಿ ಎಡವುತ್ತಾರೆ? ಸಹಿ ಹಾಕುವ ಮುಂಚೆ ಏನೇನು ಕೇಳಿಕೊಳ್ಳಬೇಕು? ಕೆಲಸ ಬಲ್ಲವರು ವಿವರವಾಗಿ ಹೇಳಿದರೆ ಉಪಕಾರ.

ಕೆಮ್ಮಣ್ಣು:

ಮಣ್ಣಿನ ಮೇಲೆ ಆಸಕ್ತಿ ಇದ್ದರೆ ಯೋಚನೆ ಬೇಡ, ಗ್ರೌಂಡ್ಸ್ ಕ್ರೂಗೆ ಹಾಕಲಿ. ಮುಂದೆ ಹುಲ್ಲುಹಾಸಿನ ವಿಜ್ಞಾನ ಓದುವುದಾದರೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಮೊದಲು ಲೆಕ್ಕ. ಹೈ-ಎ ಹಂತದಲ್ಲಿ ಒಂದು ತಂಡಕ್ಕೆ 132 ಪಂದ್ಯ, ಅದರಲ್ಲಿ ಅರ್ಧ, ಅಂದರೆ 66, ತವರಿನಲ್ಲಿ. ಸಾಮಾನ್ಯವಾಗಿ ಮಂಗಳವಾರದಿಂದ ಭಾನುವಾರದವರೆಗೆ ಒಂದೇ ಎದುರಾಳಿಯ ಜೊತೆ 6 ಪಂದ್ಯ, ಸೋಮವಾರ ಬಿಡುವು. ಸಂಜೆ 7ರ ಸುಮಾರಿಗೆ ಪಂದ್ಯವಿದ್ದರೆ ಮೈದಾನದವರು ಮಧ್ಯಾಹ್ನವೇ ಬಂದಿರುತ್ತಾರೆ. ಬ್ಯಾಟಿಂಗ್ ಅಭ್ಯಾಸಕ್ಕೆ ಕೇಜ್ (ಬಲೆಯ ಗೂಡು), ಎಲ್-ಸ್ಕ್ರೀನ್ (ಚೆಂಡೆಸೆಯುವವರ ಮುಂದಿನ ತಡೆ), ಬೇಸ್‌ಗಳ ಮುಂದಿನ ತಡೆಬಲೆ ಎಲ್ಲ ಹೊರತರಬೇಕು, ಮುಗಿದ ಮೇಲೆ ಒಳಗಿಡಬೇಕು. ಆಮೇಲೆ ಇನ್‌ಫೀಲ್ಡ್ (ಬೇಸ್‌ಗಳ ಸುತ್ತಲಿನ ಒಳಮೈದಾನ) ಮಣ್ಣನ್ನು ಬಲೆ ಎಳೆದು ಸಮಮಾಡಿ, ನೀರು ಹಾಕಿ, ಗೆರೆ ಹೊಡೆಯಬೇಕು. ಪಂದ್ಯ ಮುಗಿದ ಮೇಲೂ ಮೌಂಡ್ (ಪಿಚ್ಚರ್, ಅಂದರೆ ಚೆಂಡೆಸೆಯುವವರು, ನಿಲ್ಲುವ ದಿಬ್ಬ) ಮತ್ತು ಹೋಂ ಪ್ಲೇಟ್ (ಬ್ಯಾಟರ್ ಪಕ್ಕದ ಬಿಳಿ ಹಲಗೆ) ಸರಿಮಾಡಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಹತ್ತು ಗಂಟೆಯ ದಿನ ಎಂದುಕೊಂಡೇ ಹೋಗಲಿ.

ಹೊಸಬರ ಕೈಗೆ ಮೊದಲು ಬರುವುದು ಮೌಂಡ್ ರಿಪೇರಿ. ಪಿಚ್ಚರ್ ಕಾಲೂರುವ ಜಾಗದಲ್ಲಿ ಪಂದ್ಯದ ಕೊನೆಗೆ ಗುಂಡಿ ಬಿದ್ದಿರುತ್ತದೆ. ಹೊಸಬರು ಅದರ ಮೇಲೆ ಜೇಡಿಮಣ್ಣು ಸುರಿದು ತಟ್ಟಿಬಿಡುತ್ತಾರೆ. ಮರುದಿನ ಎರಡನೇ ಇನಿಂಗ್ಸ್‌ಗೆ ಆ ತೇಪೆ ಬಿಲ್ಲೆಯ ಹಾಗೆ ಎದ್ದುಬರುತ್ತದೆ. ಕಾರಣ ಇಷ್ಟೇ, ಹಳೆ ಮಣ್ಣಿಗೂ ಹೊಸ ಮಣ್ಣಿಗೂ ನಡುವೆ ಒಣಪುಡಿ ಉಳಿದುಕೊಂಡಿರುತ್ತದೆ.

ಸರಿಯಾದ ಕ್ರಮ ಹೀಗೆ: ಗುಂಡಿಯ ಸಡಿಲ ಮಣ್ಣು, ಮೇಲುಹಾಸಿನ ಹರಳು ಎಲ್ಲವನ್ನೂ ಗಟ್ಟಿ ತಳ ಕಾಣುವವರೆಗೆ ಗುಡಿಸಿ ತೆಗೆಯಿರಿ. ತಳಕ್ಕೆ ನೀರು ಚಿಮುಕಿಸಿ, ನಿಲ್ಲಿಸಬೇಡಿ. ಹೊಸ ಜೇಡಿಮಣ್ಣು ಹದವಾಗಿರಬೇಕು. ಅಂಗೈಯಲ್ಲಿ ಹಿಸುಕಿದರೆ ಉಂಡೆ ಕಟ್ಟಬೇಕು, ಕೈಗೆ ಮೆತ್ತಬಾರದು. ಒಂದೊಂದು ಇಂಚಿನ ಪದರ ಹಾಕುತ್ತ, ಪ್ರತಿ ಪದರವನ್ನೂ ಟ್ಯಾಂಪರ್‌ನಿಂದ ಗುದ್ದಿ ದಮ್ಮಸು ಮಾಡಿ. ಟ್ಯಾಂಪರ್‌ನ ತಳಕ್ಕೆ ಹಳೆ ಟವೆಲ್ ಸುತ್ತಿಕೊಂಡರೆ ಮಣ್ಣು ಅಂಟಿ ಎದ್ದುಬರುವುದಿಲ್ಲ. ಕೊನೆಗೆ ಇಳಿಜಾರು ನೋಡಿ. ಪಿಚ್ಚರ್ ಕಾಲಿಡುವ ರಬ್ಬರ್ ಪಟ್ಟಿ ಹೋಂ ಪ್ಲೇಟಿಗಿಂತ 10 ಇಂಚು ಎತ್ತರ, ಅದರ ಮುಂದೆ 6 ಇಂಚು ಬಿಟ್ಟು ಅಲ್ಲಿಂದ ಅಡಿಗೆ 1 ಇಂಚಿನಂತೆ ಇಳಿಯಬೇಕು. ತೆಳ್ಳಗೆ ಹರಳು ಉದುರಿಸಿ, ನೀರು ಕೊಟ್ಟು, ಸಣ್ಣ ಹೊದಿಕೆ ಹಾಕಿ ಮುಚ್ಚಿ. ಮುಚ್ಚದೆ ಬಿಟ್ಟರೆ ಬೆಳಗ್ಗೆ ಬಿರುಕು ಗ್ಯಾರಂಟಿ.

ಇನ್‌ಫೀಲ್ಡ್ ಎಳೆಯುವ ಬಲೆಯನ್ನು ಹುಲ್ಲಿನ ಅಂಚಿಗೆ ತಾಗಿಸಬಾರದು, ಒಂದು ಅಡಿ ಒಳಗೇ ತಿರುಗಿಸಿ. ತಾಗಿಸಿದರೆ ದಿನಾ ಒಂದು ಹಿಡಿ ಮಣ್ಣು ಹುಲ್ಲಿನ ಬುಡಕ್ಕೆ ಹೋಗಿ, ತಿಂಗಳೊಳಗೆ ಅಂಚಿನಲ್ಲಿ ಏರಿಯೇ ಎದ್ದುಬಿಡುತ್ತದೆ. ನೆಲಕ್ಕೆ ಉರುಳಿಬಂದ ಚೆಂಡು ಅಲ್ಲಿ ಬಡಿದು ಶಾರ್ಟ್‌ಸ್ಟಾಪ್‌ನ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಆಟಗಾರ) ಮುಖಕ್ಕೆ ಹಾರುತ್ತದೆ. ಅಂಚಿನ ಒಂದು ಅಡಿಯನ್ನು ಕೈ ರೇಕಿನಿಂದಲೇ ಮಾಡಬೇಕು. ಬಲೆ ಎತ್ತುವ ಜಾಗವನ್ನೂ ದಿನಾ ಬದಲಿಸಿ, ಇಲ್ಲದಿದ್ದರೆ ಅಲ್ಲೊಂದು ದಿಬ್ಬ.

ಗೆರೆಗೆ ಬಳಸುವುದು ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ. ಚೀಲದ ಮೇಲೆ ಏನು ಬರೆದಿದೆ ಎಂದು ಓದಿಯೇ ಸುರಿಯಲಿ. ನೋಡಲು ಒಂದೇ ಥರ ಇರುವ ಸುಣ್ಣ ಬೆವರಿದ ಮೈಯನ್ನೂ ಕಣ್ಣನ್ನೂ ಸುಡುತ್ತದೆ. ಬ್ಯಾಟರ್ ಬಾಕ್ಸ್ 4 ಅಡಿ ಅಗಲ, 6 ಅಡಿ ಉದ್ದ, ಪ್ಲೇಟಿನಿಂದ 6 ಇಂಚು ದೂರ. ಅಚ್ಚಿನ ಚೌಕಟ್ಟು ಇರುತ್ತದೆ, ಆದರೂ ಟೇಪ್ ಹಿಡಿದು ನೋಡುವ ಅಭ್ಯಾಸ ಒಳ್ಳೆಯದು.

ಕಾಯ್ದೆಪುಟ:

ಸಹಿ ಹಾಕುವ ಮುಂಚೆ ಕೇಳಬೇಕಾದ್ದು ಎಂದಿರಿ, ಅದಕ್ಕೆ ಉತ್ತರ.

ಸಂಬಳ ಗಂಟೆಗೋ ಪಂದ್ಯಕ್ಕೋ? ಮಳೆಗೆ ಪಂದ್ಯ ರದ್ದಾದರೆ ಕಾದ ಗಂಟೆಗಳಿಗೆ ಕೊಡುತ್ತಾರೋ? 40 ಗಂಟೆ ದಾಟಿದರೆ ಒಂದೂವರೆ ಪಟ್ಟು ಸಿಗುತ್ತದೋ? ಕೊನೆಯದನ್ನು ಬರವಣಿಗೆಯಲ್ಲೇ ಕೇಳಿ. ಫೆಡರಲ್ ಕನಿಷ್ಠ ವೇತನ ಗಂಟೆಗೆ 7.25 ಡಾಲರ್. ಆದರೆ ವರ್ಷಕ್ಕೆ 7 ತಿಂಗಳಿಗಿಂತ ಹೆಚ್ಚು ನಡೆಯದ ಮನರಂಜನಾ ಸಂಸ್ಥೆಗಳಿಗೆ ಫೆಡರಲ್ ಕಾನೂನಿನಲ್ಲಿ ಕನಿಷ್ಠ ವೇತನದಿಂದಲೂ ಓವರ್‌ಟೈಮಿನಿಂದಲೂ ವಿನಾಯಿತಿ ಇದೆ. ಆರು ತಿಂಗಳ ಆದಾಯ ಉಳಿದ ಆರು ತಿಂಗಳ ಆದಾಯದ ಮೂರನೇ ಒಂದು ಭಾಗ ಮೀರದಿದ್ದರೂ ಅದೇ ವಿನಾಯಿತಿ. ನಿಮ್ಮ ರಾಜ್ಯದ ಕಾನೂನು ಇದಕ್ಕಿಂತ ಗಟ್ಟಿಯಾಗಿರಬಹುದು, ಆಗ ರಾಜ್ಯದ್ದೇ ನಡೆಯುತ್ತದೆ. ಹಾಗಾಗಿ ರಾಜ್ಯದ ಕಾರ್ಮಿಕ ಇಲಾಖೆಯ ಪುಟ ನೋಡದೆ ಸಹಿ ಬೇಡ. ಶಾಲೆ ನಡೆಯುವ ಏಪ್ರಿಲ್, ಮೇ ತಿಂಗಳಲ್ಲಿ 17 ವರ್ಷದವರು ರಾತ್ರಿ ಎಷ್ಟು ಹೊತ್ತಿನವರೆಗೆ ಇರಬಹುದು ಎಂಬುದನ್ನೂ ರಾಜ್ಯವೇ ಹೇಳುತ್ತದೆ.

18 ತುಂಬದವರು ಫೋರ್ಕ್‌ಲಿಫ್ಟ್ ಓಡಿಸುವಂತಿಲ್ಲ, ಮಾಂಸ ಕತ್ತರಿಸುವ ಸ್ಲೈಸರ್ ಮುಟ್ಟುವಂತಿಲ್ಲ, ರಟ್ಟು ಒತ್ತುವ ಯಂತ್ರ ನಡೆಸುವಂತಿಲ್ಲ. ಮೂರೂ ಸ್ಟೇಡಿಯಮ್ಮಿನ ಹಿಂಭಾಗದಲ್ಲಿ ಇರುವಂಥವೇ. "ಸ್ವಲ್ಪ ಆ ಕಡೆ ತಳ್ಳಪ್ಪ" ಎಂದು ಯಾರಾದರೂ ಕೀಲಿ ಕೊಟ್ಟರೆ ಇಲ್ಲ ಎನ್ನಲು ಮಗನಿಗೆ ಮೊದಲೇ ಹೇಳಿಡಿ.

ಇನ್ನೂ ಚಿಕ್ಕ ಮಕ್ಕಳಿರುವವರಿಗೆ: 14, 15 ವಯಸ್ಸಿನವರು ಬ್ಯಾಟ್ ಬಾಯ್ ಆಗಿ ರಾತ್ರಿ ಪಂದ್ಯದಲ್ಲೂ ದುಡಿಯಬಹುದು. 1993ರಲ್ಲಿ ಜಾರ್ಜಿಯಾದ ಸವಾನಾದಲ್ಲಿ 14ರ ಹುಡುಗನೊಬ್ಬ ಸಮಯದ ಮಿತಿಯಿಂದಾಗಿ ಈ ಕೆಲಸ ಕಳೆದುಕೊಂಡದ್ದು ದೊಡ್ಡ ಸುದ್ದಿಯಾಗಿ, ಆಮೇಲೆ ನಿಯಮವೇ ಬದಲಾಯಿತು. ಆದರೆ ಆ ವಿನಾಯಿತಿ ಚೆಂಡು, ಬ್ಯಾಟ್ ಒದಗಿಸುವಂಥ ಕೆಲಸಕ್ಕೆ ಮಾತ್ರ. ಟಾರ್ಪಾಲು ಎಳೆಯುವುದು, ಹುಲ್ಲು ಕತ್ತರಿಸುವುದು, ಬಟ್ಟೆ ಒಗೆಯುವುದು, ಲಾಕರ್ ಕೋಣೆ ತೊಳೆಯುವುದು, ಸ್ಟಾಲಿನಲ್ಲಿ ಮಾರುವುದು ಅದರಲ್ಲಿ ಸೇರಿಲ್ಲ ಎಂದು ನಿಯಮದಲ್ಲೇ ಬರೆದಿದೆ.

ವೀಸಾ ವಿಷಯ ಒಂದೇ ಮಾತಿನಲ್ಲಿ: ಎಫ್-1 ವಿದ್ಯಾರ್ಥಿ ವೀಸಾದವರು ಸಿಪಿಟಿ ಅಥವಾ ಒಪಿಟಿಯಂಥ (ಓದಿಗೆ ಸಂಬಂಧಿಸಿದ ಕೆಲಸದ) ಅನುಮತಿ ಇಲ್ಲದೆ ಇಂಥ ಕೆಲಸಕ್ಕೆ ಕೈ ಹಾಕಬೇಡಿ, ಎಚ್-4 ಅವಲಂಬಿತರ ವೀಸಾ ಮೇಲಿರುವ ಮಕ್ಕಳಿಗೂ ಅವಕಾಶವಿಲ್ಲ.

ಬಿಳಿಪ್ಯಾಂಟು:

ಕ್ಲಬ್‌ಹೌಸ್ ಬಗ್ಗೆ ನಾನು ಬರೆಯುತ್ತೇನೆ. ಇಲ್ಲಿ ಎಲ್ಲರಿಗಿಂತ ಮೊದಲು ಬಂದು ಎಲ್ಲರಿಗಿಂತ ಕೊನೆಗೆ ಹೋಗಬೇಕು. ಪಂದ್ಯ 10ಕ್ಕೆ ಮುಗಿದರೆ ಬಟ್ಟೆ ಮುಗಿಯುವುದು ನಡುರಾತ್ರಿ ದಾಟಿದ ಮೇಲೆ. ಶಾಲೆಗೆ ಹೋಗುವ ಹುಡುಗನಿಗೆ ಜೂನ್‌ಗೆ ಮುಂಚೆ ನಾನು ಶಿಫಾರಸು ಮಾಡುವುದಿಲ್ಲ.

ಸುಮಾರು ಮೂವತ್ತು ಮಂದಿ ಆಟಗಾರರು, ಜೊತೆಗೆ ತರಬೇತುದಾರರು. ಒಬ್ಬೊಬ್ಬರ ಒಳಬಟ್ಟೆ, ಕಾಲುಚೀಲ ಅವರವರ ನಂಬರಿನ ಪಟ್ಟಿಗೆ ಪೋಣಿಸಿ ಬರುತ್ತವೆ, ಪಟ್ಟಿ ಬಿಚ್ಚದೆ ಹಾಗೇ ಯಂತ್ರಕ್ಕೆ. ಬೇಗ ಮುಗಿಸುವ ಆತುರದಲ್ಲಿ ಡ್ರಮ್ ಕಿಕ್ಕಿರಿದು ತುಂಬಿದರೆ ಗೊಂಚಲಿನ ನಡುವಿಗೆ ನೀರೇ ಹೋಗುವುದಿಲ್ಲ, ಹೊರಗೆ ಸಾಬೂನಿನ ವಾಸನೆ, ಒಳಗೆ ಬೆವರು. ಮುಕ್ಕಾಲು ಭಾಗಕ್ಕೆ ನಿಲ್ಲಿಸಿ.

ಪ್ಯಾಂಟಿನ ಕೆಂಪು ಮಣ್ಣಿನ ಕಲೆ ಇಡೀ ಕೆಲಸದ ಕಷ್ಟದ ಭಾಗ. ಆ ಬಣ್ಣ ಕಬ್ಬಿಣದ್ದು, ಅಂದರೆ ತುಕ್ಕಿನ ಜಾತಿ. ಕ್ಲೋರಿನ್ ಬ್ಲೀಚ್ ಹಾಕಿದರೆ ಹೋಗುವ ಬದಲು ಕೂತುಬಿಡುತ್ತದೆ. ಮಣ್ಣು ಒಣಗಿದ್ದರೆ ಒದರಿ, ಬ್ರಷ್ ಮಾಡಿ, ಆಮೇಲೆ ಒಳಗಿನಿಂದ ಹೊರಕ್ಕೆ ತಣ್ಣೀರಿನ ರಭಸ ಕೊಡಿ. ಉಳಿದ ಕಲೆಗೆ ತುಕ್ಕು ತೆಗೆಯುವ ಪುಡಿ. ಈ ಪುಡಿಯನ್ನೂ ಬ್ಲೀಚನ್ನೂ ಯಾವ ಕಾರಣಕ್ಕೂ ಒಂದೇ ಬಕೆಟ್ಟಿಗೆ ಹಾಕಬಾರದು, ವಿಷಗಾಳಿ ಏಳುತ್ತದೆ. ಬೇರೆ ಬೇರೆ ಕಪಾಟಿನಲ್ಲೇ ಇಡಿ. ಕಲೆ ಪೂರ್ತಿ ಹೋಗಿದೆ ಎಂದು ದೀಪದ ಕೆಳಗೆ ಹಿಡಿದು ನೋಡಿದ ಮೇಲಷ್ಟೇ ಡ್ರೈಯರ್. ಬಿಸಿ ತಗುಲಿದ ಕಲೆ ಮತ್ತೆ ಬಿಡುವುದು ಕಷ್ಟ.

ಹೊಸ ಚೆಂಡಿನ ಹೊಳಪು ತೆಗೆಯಲು ಮಣ್ಣು ಉಜ್ಜುವುದೂ ಹಲವು ಕಡೆ ಈ ಹುಡುಗರ ಪಾಲಿಗೇ ಬರುತ್ತದೆ. ನ್ಯೂಜೆರ್ಸಿಯ ಕಡೆ ಡೆಲವೇರ್ ನದಿಯ ಉಪನದಿಯಿಂದ ತೆಗೆದ ಲೀನಾ ಬ್ಲ್ಯಾಕ್‌ಬರ್ನ್ ಮಣ್ಣು ಅದು, ನುಣುಪಾಗಿ ಬೆಣ್ಣೆಯ ಹಾಗಿರುತ್ತದೆ. ಬೆರಳ ತುದಿಯಲ್ಲಿ ಚೂರು ತೆಗೆದು, ಅಂಗೈಗೆ ನೀರು ಸೋಕಿಸಿ, ಎರಡೂ ಕೈಯಲ್ಲಿ ಚೆಂಡು ಉರುಳಿಸುತ್ತ ಚರ್ಮಕ್ಕೆ ಉಜ್ಜಬೇಕು. ಕೆಂಪು ಹೊಲಿಗೆಯ ಸಂದಿಯಲ್ಲಿ ಮಣ್ಣು ಕೂತರೆ, ಅಥವಾ ಒಂದು ಪಕ್ಕ ಕಪ್ಪು, ಇನ್ನೊಂದು ಪಕ್ಕ ಬಿಳಿ ಆದರೆ ಅಂಪೈರ್ ವಾಪಸ್ ಕಳಿಸುತ್ತಾರೆ.

ಹಿಂದೆ ಆಟಗಾರರೇ ಕ್ಲಬ್‌ಹೌಸಿಗೆ ದಿನದ ಶುಲ್ಕ ಕೊಡುತ್ತಿದ್ದರು, ಹುಡುಗರ ಆದಾಯ ಅದರಿಂದಲೇ ನಡೆಯುತ್ತಿತ್ತು. ಮೇಜರ್ ಲೀಗ್ 2021ರಲ್ಲಿ ಅದನ್ನು ತೆಗೆದುಹಾಕಿತು. ಆದ್ದರಿಂದ "ಟಿಪ್ಸ್ ಚೆನ್ನಾಗಿ ಬರುತ್ತೆ" ಎಂಬ ಹಳೆ ಮಾತು ನಂಬಿಕೊಂಡು ಕಡಿಮೆ ಸಂಬಳಕ್ಕೆ ಒಪ್ಪಬೇಡಿ.

ಒಳಗೆ ಕಂಡದ್ದು, ಕೇಳಿದ್ದು ಹೊರಗೆ ಹೋಗಬಾರದು. ಯಾರಿಗೆ ಗಾಯ, ಯಾರಿಗೆ ಬಡ್ತಿ ಎಂದು ಗೆಳೆಯರಿಗೆ ಮೆಸೇಜ್ ಮಾಡಿದರೂ ತಪ್ಪೇ. ಬೇಸ್‌ಬಾಲ್ ಮೇಲೆ ಬೆಟ್ಟಿಂಗ್ ಕೂಡದೆಂಬ ಮೇಜರ್ ಲೀಗ್‌ನ 21ನೇ ನಿಯಮ ಆಟಗಾರರಿಗಷ್ಟೇ ಅಲ್ಲ, ಕ್ಲಬ್ಬಿನ ನೌಕರರಿಗೂ ಅನ್ವಯಿಸುತ್ತದೆ.

ಮೂರನೇಇನಿಂಗ್ಸ್:

ಪ್ರೊಮೋಷನ್ಸ್ ಎಂದರೆ ಟೀ ಶರ್ಟ್ ಎಸೆಯುವುದು ಎಂದುಕೊಂಡು ಬರುವವರು ಮೊದಲ ವಾರವೇ ಕಂಗಾಲಾಗುತ್ತಾರೆ. ಇದು ಗಡಿಯಾರದ ಕೆಲಸ. ಅರ್ಧ ಇನಿಂಗ್ಸ್‌ಗಳ ನಡುವೆ ಸಿಗುವುದು ಸುಮಾರು 2 ನಿಮಿಷ. ಅದರಲ್ಲಿ ಸ್ಪರ್ಧಿಗಳನ್ನು ಒಳಗೆ ತಂದು, ಆಡಿಸಿ, ಪಿಚ್ಚರ್‌ನ ಕೊನೆಯ ವಾರ್ಮ್-ಅಪ್ ಎಸೆತಕ್ಕೆ ಮುಂಚೆ ಗೆರೆಯಾಚೆ ಕಳಿಸಿರಬೇಕು. ಎರಡು ಇನಿಂಗ್ಸ್ ಮುಂಚೆಯೇ ಪ್ರೇಕ್ಷಕರನ್ನು ಆರಿಸಿ, ಒಪ್ಪಿಗೆ ಪತ್ರಕ್ಕೆ ಸಹಿ ತೆಗೆದುಕೊಂಡು, ಒಂದು ಔಟ್ ಆಗುವಷ್ಟರಲ್ಲಿ ಬಾಗಿಲ ಬಳಿ ನಿಲ್ಲಿಸಿಕೊಂಡಿರಿ. ಎರಡು ಔಟ್ ಆದಮೇಲೆ ಹುಡುಕಲು ಹೋದರೆ ತಡವಾಗುತ್ತದೆ. ಬ್ಯಾಟಿಗೆ ಹಣೆ ಆನಿಸಿ ತಿರುಗಿ ಓಡುವ ಸ್ಪರ್ಧೆಯಲ್ಲಿ ಬೀಳುವ ಕಡೆ ಒಬ್ಬರು ನಿಂತಿರಲೇಬೇಕು, ತಲೆಸುತ್ತಿದವರು ನೇರ ಡಗ್‌ಔಟ್ (ಆಟಗಾರರು ಕೂರುವ ತಗ್ಗಿನ ಜಾಗ) ಮೆಟ್ಟಿಲಿಗೆ ಹೋಗುತ್ತಾರೆ.

ಮ್ಯಾಸ್ಕಾಟ್ (ತಂಡದ ಗೊಂಬೆ) ವೇಷ ಹಾಕಿಸುವುದಾದರೆ 20 ನಿಮಿಷಕ್ಕೊಮ್ಮೆ ಒಳಗೆ ಕರೆಸಿ ತಲೆ ತೆಗೆಸಿ ನೀರು ಕುಡಿಸುವ ಜೊತೆಗಾರ ಇದ್ದಾರೆಯೇ ಎಂದು ಕೇಳಿ. ಇಲ್ಲ ಎಂದರೆ ಆ ವೇಷ ಬೇಡ. ಜುಲೈ ಮಧ್ಯಾಹ್ನ ಅದರೊಳಗಿನ ಸೆಖೆ ಆಟದ ಮಾತಲ್ಲ.

ಸ್ಟಾಲ್ ಬಗ್ಗೆ ಹೆಚ್ಚೇನಿಲ್ಲ. ಬಿಸಿ ಪದಾರ್ಥ 135 ಡಿಗ್ರಿ ಫ್ಯಾರನ್‌ಹೀಟ್ ಮೇಲೆ, ತಣ್ಣನೆಯದು 41ರ ಕೆಳಗೆ ಇರಲಿ. ಬನ್ನು, ಲೋಟಗಳನ್ನು ಶುರುವಿಗೂ ಕೊನೆಗೂ ಎಣಿಸಿ ಬರೆದಿಡಿ, ಸಂಜೆಯ ಲೆಕ್ಕ ತಾಳೆಯಾಗುವುದು ಅದರ ಮೇಲೆಯೇ.

ಹೊಂಗೆನೆರಳು:

ಎಲ್ಲರಿಗೂ ಧನ್ಯವಾದ. ಗ್ರೌಂಡ್ಸ್ ಕ್ರೂ ಎಂದೇ ಬರೆಯುತ್ತೇವೆ. ಇನ್ನೊಂದು ಸಂದೇಹ ಉಳಿದಿದೆ. ಯಾವ ವಿಭಾಗಕ್ಕೆ ಸೇರಿದರೂ ಮಳೆ ಬಂದಾಗ ಟಾರ್ಪಾಲು ಎಳೆಯಲು ಬರಲೇಬೇಕು ಎಂದು ಅರ್ಜಿಯಲ್ಲಿದೆ. ಅದರಲ್ಲಿ ಅಪಾಯ ಎಷ್ಟು?

ಕೆಮ್ಮಣ್ಣು:

ಇದೆ, ಮತ್ತು ಇದನ್ನು ಕೇಳಿದ್ದು ಬಹಳ ಒಳ್ಳೆಯದಾಯಿತು.

ಪೂರ್ತಿ ಇನ್‌ಫೀಲ್ಡ್ ಮುಚ್ಚುವ ಟಾರ್ಪಾಲು ಸಾಮಾನ್ಯವಾಗಿ 170 ಅಡಿ ಉದ್ದ, 170 ಅಡಿ ಅಗಲ. ಒಣಗಿದ್ದಾಗಲೇ ಸಾವಿರ ಪೌಂಡ್ ದಾಟುತ್ತದೆ. ಅದರ ಮೇಲೆ ಇಂಚಿನ ಹತ್ತನೇ ಒಂದು ಭಾಗ ಮಳೆ ನಿಂತರೂ 1,800 ಗ್ಯಾಲನ್, ತೂಕ 15,000 ಪೌಂಡ್. ಅದಕ್ಕೇ ಮಳೆ ನಿಂತ ಮೇಲೆ ಯಾರೂ ಅದನ್ನು ಹಾಗೇ ಎಳೆಯುವುದಿಲ್ಲ. ಒಂದು ಅಂಚನ್ನು ಹಿಡಿದು ಟಾರ್ಪಾಲನ್ನು ಅದರ ಮೇಲೇ ಮಡಚುತ್ತ ನಡೆದರೆ ನೀರು ಮುಂದೆ ಮುಂದೆ ಸರಿದು ಔಟ್‌ಫೀಲ್ಡ್ ಹುಲ್ಲಿಗೆ ಇಳಿಯುತ್ತದೆ. ಯಾವ ಮೂಲೆಯಲ್ಲಿ ಚರಂಡಿ ಚೆನ್ನಾಗಿದೆಯೋ ಆ ಕಡೆಗೆ. ಬಿಸಿಲು ಬಂದ ಮೇಲೆ ತೆಗೆಯಲು ತಡಮಾಡಿದರೆ ಅಡಿಯ ಹುಲ್ಲು ಬೇಯುತ್ತದೆ, ಆದ್ದರಿಂದ ಆತುರ ಇದ್ದೇ ಇರುತ್ತದೆ. ಗಾಯಗಳಾಗುವುದು ಆ ಆತುರದಲ್ಲಿ.

ನಿಜವಾದ ಶತ್ರು ಗಾಳಿ. ಹಾಸುವಾಗ ಗಾಳಿ ಬೆನ್ನ ಹಿಂದಿನಿಂದ ಬರುವಂತೆ ಉರುಳೆಯನ್ನು ಇಟ್ಟುಕೊಳ್ಳಬೇಕು. ಗಾಳಿ ಬರುವ ಅಂಚಿನ ಮೇಲೆ ಮೊದಲು ಮರಳುಚೀಲ, ಅಥವಾ ಮಂಡಿಯೂರಿದ ಜನ. ಎಳೆಯುವವರು ಅಂಚನ್ನು ಮೊಣಕಾಲಿಗಿಂತ ಮೇಲೆ ಎತ್ತಬಾರದು, ಎತ್ತಿದಷ್ಟೂ ಗಾಳಿ ಒಳನುಗ್ಗಿ ಹಾಯಿಯ ಹಾಗೆ ಉಬ್ಬುತ್ತದೆ. ಹಿಡಿಕೆಯನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು. ಮುಷ್ಟಿ ಬಿಚ್ಚಿದರೆ ಕೈ ಬಿಡುವಂತಿರಬೇಕು. ಎದ್ದ ಟಾರ್ಪಾಲನ್ನು ಮೈಭಾರದಿಂದ ತಡೆಯಲು ಹೋಗಬಾರದು, ಅದು ಆಳನ್ನೇ ಎತ್ತಿ ಒಗೆಯುತ್ತದೆ. "ಬಿಡಿ" ಎಂಬ ಕೂಗು ಬಿದ್ದ ಕ್ಷಣ ಎಲ್ಲರೂ ಬಿಡಬೇಕು, ಒಬ್ಬರೇ ಹಿಡಿದುಕೊಂಡಿದ್ದರೆ ಅವರಿಗೇ ಏಟು. ಒದ್ದೆಯಾದ ಹಾಳೆಯ ಮೇಲೆ ಓಡಬಾರದು. ಮುಳ್ಳಿನ ಶೂ ಹಾಕಬಾರದು, ತೂತು ಬಿದ್ದ ಕಡೆ ಕೆಳಗೆ ಕೆಸರಾಗುತ್ತದೆ.

ಯಂತ್ರದಿಂದ ತಿರುಗುವ ಉರುಳೆ ಇದ್ದರೆ ಅದರ ಮುಂದೆ ನಿಲ್ಲುವುದೇ ಬೇಡ. 1985ರ ಅಕ್ಟೋಬರ್‌ನಲ್ಲಿ ಮೇಜರ್ ಲೀಗ್‌ನ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ವಿನ್ಸ್ ಕೋಲ್ಮನ್ ಕಾಲಿನ ಮೇಲೆ ಅಂಥ ಟಾರ್ಪಾಲು ಉರುಳಿ, ಅವರು ಆ ವರ್ಷದ ವರ್ಲ್ಡ್ ಸೀರೀಸ್ (ಅಂತಿಮ ಸರಣಿ) ಆಡಲಿಲ್ಲ. ಅಮೆರಿಕದಲ್ಲೇ ಅತಿ ವೇಗದ ಬೇಸ್ ಓಟಗಾರರಲ್ಲಿ ಒಬ್ಬರಾಗಿದ್ದವರು ಅವರು.

ಮಗ ಮೊದಲ ದಿನ ಮೂರು ವಿಷಯ ಕೇಳಲಿ. ಕೂಗು ಹಾಕುವವರು ಯಾರು, ಒಬ್ಬರೇ ತಾನೇ? ಒಣ ದಿನದಲ್ಲಿ ಎಲ್ಲ ವಿಭಾಗದವರನ್ನೂ ಸೇರಿಸಿ ಒಮ್ಮೆಯಾದರೂ ಹಾಸಿ ಸುತ್ತುವ ಅಭ್ಯಾಸ ಇದೆಯೇ? ಗುಡುಗು ಕೇಳಿದರೆ ಅರ್ಧ ಹಾಸಿದ್ದನ್ನು ಬಿಟ್ಟು ಒಳಗೆ ಬರಲು ಅನುಮತಿ ಇದೆಯೇ? ಕೊನೆಯ ಗುಡುಗಿನ ನಂತರ 30 ನಿಮಿಷ ಕಾದು ಹೊರಗೆ ಹೋಗುವುದು ಸರಿಯಾದ ಪದ್ಧತಿ. ಮೂರನೆಯದಕ್ಕೆ ತಲೆಯಾಡಿಸದ ಮುಖ್ಯಸ್ಥರ ಕೈಕೆಳಗೆ ಟಾರ್ಪಾಲು ಮುಟ್ಟುವುದು ಬೇಡ.

ಕೈಗವಸು ತೆಗೆದುಕೊಡಿ, ಅಂಗೈಗೆ ರಬ್ಬರ್ ಇರುವಂಥದ್ದು. ಎರಡು ಜೊತೆ ಕಾಲುಚೀಲ, ಒಂದು ಒಣ ಟೀ ಶರ್ಟ್ ಬ್ಯಾಗಿನಲ್ಲಿ ಸದಾ ಇರಲಿ. ಮಳೆ ನಿಂತ ಮೇಲೂ ಪಂದ್ಯ ಮುಂದುವರಿಯುತ್ತದೆ, ಒದ್ದೆ ಕಾಲಲ್ಲಿ ಇನ್ನೂ ಐದು ಇನಿಂಗ್ಸ್ ಇರುತ್ತವೆ.